ಹಳೆಯ ಮೋಟಾರು ಸೈಕಲ್ಲಿಗೆ ತಕ್ಕ ಪಥ್ಯ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಈ ಗಾದೆಯ ಮೊದಲರ್ಧವು ಮನುಷ್ಯನಿಗೆ ಎಷ್ಟು ಸಲ್ಲುವುದೋ ಯಂತ್ರಕ್ಕೂ ಅಷ್ಟೇ ಸಲ್ಲುತ್ತದೆ. ವೈದ್ಯರು ಹೇಳುವ ಪಥ್ಯವೆಂಬ ಮಾತು ಪಥವೆಂಬ ಶಬ್ದದಿಂದ ಬಂದದ್ದು. ದೇಹವನ್ನು ಅದರ ದಾರಿ ತಪ್ಪದಂತೆ ನಡೆಸುವ ಆಹಾರ ಯಾವುದೋ ಅದೇ ಪಥ್ಯ. ಹಾದಿಯಲ್ಲಿ ಓಡುವುದನ್ನೇ ಧರ್ಮವಾಗಿ ಉಳ್ಳ ಮೋಟಾರು ಸೈಕಲ್ಲಿಗೆ ಈ ಶಬ್ದವು ಇನ್ನೂ ಚೆನ್ನಾಗಿ ಒಪ್ಪುತ್ತದೆ.

ಕನ್ನಡ ವ್ಯಾಕರಣ ಹೇಳಿಕೊಡುವವನಿಗೂ ಪೆಟ್ರೋಲಿಗೂ ಏನು ನಂಟು ಎಂದು ನೀವು ಕೇಳಬಹುದು. ನಂಟು ಉಂಟು. ಬಳ್ಳಾರಿಯ ಕೋಟೆಗುಡ್ಡದ ಕೆಳಗಿನ ಬೀದಿಗಳಲ್ಲಿ, ಸಿರುಗುಪ್ಪದ ಅಕ್ಕಿ ಗಿರಣಿಗಳ ಅಂಗಳದಲ್ಲಿ, ಕುರುಗೋಡಿನ ದೊಡ್ಡಬಸವೇಶ್ವರನ ಗುಡಿಯ ಮುಂದೆ, ಇಂದಿಗೂ ಒಂದೊಂದು ಹಳೆಯ ಜಾವಾ, ಯೆಜ್ಡಿ, ರಾಜದೂತ್, ಬುಲೆಟ್ ಗಾಡಿ ನಿಂತಿರುವುದನ್ನು ಕಾಣುತ್ತೇವೆ. ತಂದೆ ಓಡಿಸಿದ ಗಾಡಿಯನ್ನು ಮಗ ಮಾರಲಾರದೆ ಇಟ್ಟುಕೊಂಡಿದ್ದಾನೆ. ಈಗ ಮೊಮ್ಮಗ ಅದನ್ನು ಒರೆಸಿ ಮತ್ತೆ ಹಾದಿಗೆ ಇಳಿಸಬೇಕೆಂದು ಹಂಬಲಿಸುತ್ತಿದ್ದಾನೆ. ಈ ಹುಡುಗರಲ್ಲಿ ಹಲವರು ನನ್ನ ತರಗತಿಯಲ್ಲಿ ಕುಳಿತವರು. ಅವರು ನನ್ನನ್ನು ಕಂಡಾಗ ಕೇಳುವ ಪ್ರಶ್ನೆ ಒಂದೇ: ಈ ಗಾಡಿಗೆ ಈಗ ಯಾವ ಪೆಟ್ರೋಲು ಹಾಕಬೇಕು? ಕೇಳಿದವರಿಗೆಲ್ಲ ಬೇರೆ ಬೇರೆಯಾಗಿ ಹೇಳುವುದಕ್ಕಿಂತ ಬಾನುಲಿಯ ಮೂಲಕ ಒಮ್ಮೆ ಹೇಳಿಬಿಡುವುದು ಮೇಲೆಂದು ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ಮೊದಲು ಈ ಗಾಡಿಗಳ ವಂಶವನ್ನು ಎರಡು ಮಾತಿನಲ್ಲಿ ತಿಳಿಯೋಣ. ಜಾವಾ ಎಂಬ ಹೆಸರಿಗೂ ಜಾವಾ ದ್ವೀಪಕ್ಕೂ ಸಂಬಂಧವಿಲ್ಲ. ಜೆಕೊಸ್ಲೊವಾಕಿಯದ ಜಾನೆಚೆಕ್ ಎಂಬಾತ 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರು ಸೈಕಲ್ ವಿಭಾಗವನ್ನು ಕೊಂಡು, ಎರಡು ಹೆಸರುಗಳ ಮೊದಲಕ್ಷರಗಳನ್ನು ಸಂಧಿ ಮಾಡಿ ಈ ಹೆಸರನ್ನು ಇಟ್ಟನು. ಅದೇ ಗಾಡಿ 1961ರಿಂದ ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. 1973ರಿಂದ ಅದಕ್ಕೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ ಹೆಸರಿನ ಹೊಸ ಗಾಡಿಗಳು ಬಂದಿವೆ. ಆದರೆ ಅವುಗಳ ಇಂಜಿನ್ನಿನ ಜಾತಿಯೇ ಬೇರೆ. ನಾನು ಹೇಳುತ್ತಿರುವುದು ಮೈಸೂರಿನಲ್ಲಿ ಹುಟ್ಟಿದ ಹಳೆಯ ಟೂ ಸ್ಟ್ರೋಕ್ ಗಾಡಿಗಳನ್ನು ಕುರಿತು. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಮೂಲ ರೂಪದಲ್ಲಿಯೇ ಉಳಿದಿರುವ ಗಾಡಿಗೆ ವಿಂಟೇಜ್ ಎಂಬ ಮಾನ್ಯತೆ ದೊರೆಯುತ್ತದೆ. ಮೈಸೂರಿನ ಮೊದಲ ಜಾವಾಗಳೆಲ್ಲ ಈ ವಯಸ್ಸನ್ನು ದಾಟಿದವು.

ಗಾಡಿ ಹಳೆಯದಾಗಿಯೇ ಉಳಿಯಿತು, ಪೆಟ್ರೋಲು ಮಾತ್ರ ಹಾಗೆ ಉಳಿಯಲಿಲ್ಲ. ತೊಡಕು ಇರುವುದೇ ಇಲ್ಲಿ. ಹಿಂದೆ ಪೆಟ್ರೋಲಿಗೆ ಸೀಸದ ಒಂದು ಸಂಯುಕ್ತವನ್ನು ಬೆರೆಸುತ್ತಿದ್ದರು. ಅದು ಉಸಿರಾಟದ ಗಾಳಿಗೆ ವಿಷವೆಂದು 2000ನೆಯ ಇಸವಿಯ ಫೆಬ್ರವರಿಯಿಂದ ದೇಶದಾದ್ಯಂತ ನಿಲ್ಲಿಸಿದರು. ಆಮೇಲೆ ಬಂದದ್ದು ಎಥನಾಲ್, ಎಂದರೆ ಮದ್ಯಸಾರ. ಇದು ತೀರ ಹೊಸ ವಿಚಾರವೇನೂ ಅಲ್ಲ. 1948ರಲ್ಲಿಯೇ ನಮ್ಮ ದೇಶದಲ್ಲಿ ಪವರ್ ಆಲ್ಕೋಹಾಲ್ ಕಾಯಿದೆ ಆಗಿತ್ತು. 2003ರಲ್ಲಿ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳಲ್ಲಿ ಶೇಕಡಾ 5ರಷ್ಟು ಬೆರೆಸುವ ಯೋಜನೆ ಆರಂಭವಾಯಿತು. 2022ರ ಹೊತ್ತಿಗೆ ಅದು ಶೇಕಡಾ 10 ಆಯಿತು. ಶೇಕಡಾ 20 ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಬಿಡುಗಡೆ ಮಾಡಿದರು. ಇದನ್ನೇ ಬಂಕುಗಳಲ್ಲಿ ಇ-20 ಎಂದು ಕರೆಯುವುದು. 2025ರಿಂದ ಸಾಮಾನ್ಯ ಬಂಕಿನಲ್ಲಿ ದೊರೆಯುವುದು ಬಹುಮಟ್ಟಿಗೆ ಇದೇ.

ಈ ಮದ್ಯಸಾರವು ಕಬ್ಬಿನ ಹಾಲಿನಿಂದ, ಕಾಕಂಬಿಯಿಂದ, ಮುಸುಕಿನ ಜೋಳದಿಂದ, ನುಚ್ಚಕ್ಕಿಯಿಂದ ತಯಾರಾಗುತ್ತದೆ. ಹೊರದೇಶದ ಎಣ್ಣೆಗೆ ಕೊಡುವ ಹಣ ಉಳಿಯುವುದು, ಬೆಳೆಗಾರನಿಗೆ ಇನ್ನೊಂದು ಮಾರುಕಟ್ಟೆ ಸಿಗುವುದು ಒಳ್ಳೆಯ ಸಂಗತಿಗಳೇ. ತುಂಗಭದ್ರೆಯ ಕಾಲುವೆಯ ನೀರಿನಲ್ಲಿ ಬತ್ತ ಬೆಳೆಯುವ ಸಿರುಗುಪ್ಪದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಎಳೆಯರಿಗೆ ಜೀರ್ಣವಾದದ್ದು ಅಜ್ಜನಿಗೆ ಜೀರ್ಣವಾಗಬೇಕೆಂಬ ನಿಯಮವಿಲ್ಲ. 1961ರ ಇಂಜಿನ್ನನ್ನು ರೂಪಿಸಿದವರು ಈ ಆಹಾರವನ್ನು ಎಣಿಸಿರಲಿಲ್ಲ.

ಈಗ ಹೆಚ್ಚಿನವರು ಎಡವುವ ಒಂದು ಮಾತಿಗೆ ಬರುತ್ತೇನೆ. ಅದು ಆಕ್ಟೇನ್ ಸಂಖ್ಯೆ. ಬೆಲೆ ಹೆಚ್ಚಿನ, ಆಕ್ಟೇನ್ ಹೆಚ್ಚಿನ ಪೆಟ್ರೋಲು ಹಾಕಿದರೆ ಹಳೆಯ ಗಾಡಿಗೆ ಬಲ ಬರುವುದೆಂದು ಜನ ನಂಬಿದ್ದಾರೆ. ಆಕ್ಟೇನ್ ಎಂಬುದು ಬಲದ ಅಳತೆಯಲ್ಲ, ಸಹನೆಯ ಅಳತೆ. ಸಿಲಿಂಡರಿನೊಳಗೆ ಗಾಳಿ ಮತ್ತು ಪೆಟ್ರೋಲಿನ ಹಬೆಯನ್ನು ಒತ್ತಿದಾಗ, ಅದು ಹೊತ್ತಿಗೆ ಮುಂಚೆ ತಾನಾಗಿ ಸಿಡಿಯದೆ ಪ್ಲಗ್ಗಿನ ಕಿಡಿಯಿಂದ ಹತ್ತಿ ಸಮವಾಗಿ ಉರಿಯಬೇಕು. ಎಷ್ಟು ಒತ್ತಿದರೂ ತಾಳುವ ಗುಣವೇ ಆಕ್ಟೇನ್. ಹೊಸ ಗಾಡಿಗಳ ಇಂಜಿನ್ನು ಹಬೆಯನ್ನು ಒಂಬತ್ತರಿಂದ ಹನ್ನೆರಡು ಪಾಲು ಕುಗ್ಗಿಸಿ ಒತ್ತುತ್ತದೆ. ಹಳೆಯ ಜಾವಾ, ಹಳೆಯ ಬುಲೆಟ್ಟುಗಳು ಒತ್ತುವುದು ಸುಮಾರು ಏಳು ಪಾಲು ಮಾತ್ರ. ಇಷ್ಟು ಮೃದುವಾದ ಒತ್ತಡಕ್ಕೆ 91 ಆಕ್ಟೇನಿನ ಪೆಟ್ರೋಲು ಧಾರಾಳವಾಗಿ ಸಾಕು. ಇ-20ರಲ್ಲಿ ಅದು ಸುಮಾರು 95ರಷ್ಟು ಇರುತ್ತದೆ. ಮದ್ಯಸಾರವೇ ಆಕ್ಟೇನನ್ನು ಏರಿಸುತ್ತದೆ. ಆದುದರಿಂದ ಆಕ್ಟೇನಿಗಾಗಿ ಹೆಚ್ಚಿನ ಹಣ ತೆರುವುದು ಹಳೆಯ ಗಾಡಿಗೆ ವ್ಯರ್ಥ. ದುಬಾರಿ ಪೆಟ್ರೋಲು ಕೊಳ್ಳಲು ಒಂದೇ ಕಾರಣ ಉಂಟು: ಅದರಲ್ಲಿ ಮದ್ಯಸಾರ ಇಲ್ಲದಿದ್ದರೆ. ದುಬಾರಿಯಾದದ್ದರಲ್ಲೆಲ್ಲ ಮದ್ಯಸಾರ ಇಲ್ಲವೆಂದು ತಿಳಿಯಬೇಡಿ. ಬಂಕಿನಲ್ಲಿ "ಎಷ್ಟು ಆಕ್ಟೇನು?" ಎಂದು ಕೇಳುವ ಬದಲು "ಇದರಲ್ಲಿ ಎಥನಾಲ್ ಶೇಕಡಾ ಎಷ್ಟು?" ಎಂದು ಕೇಳಿರಿ. ಇಲ್ಲವೆಂದು ಖಚಿತವಾದರೆ, ಮತ್ತು ಕೈಯಲ್ಲಿ ಹಣವಿದ್ದರೆ, ಅದನ್ನೇ ಹಾಕಿಸಿರಿ.

ಅಂಥದು ನಮ್ಮ ಊರುಗಳಲ್ಲಿ ಬಯಸಿದಾಗಲೆಲ್ಲ ಸಿಗುವುದೆಂದು ನೆಚ್ಚಿಕೊಳ್ಳುವಂತಿಲ್ಲ. ಆಗ ಇ-20ರೊಡನೆಯೇ ಬಾಳಬೇಕು. ಬಾಳುವುದಕ್ಕೆ ಅದರ ಮೂರು ಗುಣಗಳನ್ನು ಅರಿತಿರಬೇಕು.

ಮೊದಲನೆಯದು, ಮದ್ಯಸಾರವು ಹಳೆಯ ಕಾಲದ ರಬ್ಬರನ್ನು, ಕಾರ್ಕನ್ನು, ಟ್ಯಾಂಕಿನೊಳಗೆ ಬಳಿದ ಹಳೆಯ ಲೇಪವನ್ನು ಉಬ್ಬಿಸಿ, ಮೆತ್ತಗೆ ಮಾಡಿ, ಕೊನೆಗೆ ಬಿರುಕು ಬಿಡಿಸುತ್ತದೆ. ಪೆಟ್ರೋಲ್ ಕಾಕಿನ ವಾಷರು, ಟ್ಯಾಂಕಿನಿಂದ ಕಾರ್ಬುರೇಟರಿಗೆ ಇಳಿಯುವ ಪೈಪು, ಇವು ಮೊದಲು ಸೋಲುವ ಭಾಗಗಳು. ಬಿಸಿ ಇಂಜಿನ್ನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಏನಾಗುವುದೆಂದು ಹೇಳಬೇಕಾದುದಿಲ್ಲ. ಹಳೆಯ ವಾಹನಗಳಲ್ಲಿ ಕೆಲವು ರಬ್ಬರು ಭಾಗಗಳನ್ನು ಬದಲಿಸಬೇಕಾಗಬಹುದೆಂದು ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟಿನಲ್ಲಿ ಹೇಳಿದೆ. ಅವುಗಳ ಬೆಲೆ ಅಲ್ಪ. ಎಥನಾಲ್ ತಾಳುವ ಪೈಪು, ವಾಷರುಗಳನ್ನು ಕೇಳಿ ಹಾಕಿಸಿರಿ; ವರ್ಷಕ್ಕೊಮ್ಮೆ ಪೈಪನ್ನು ಬಗ್ಗಿಸಿ ನೋಡಿ, ಬಿರುಕು ಕಂಡರೆ ಬದಲಿಸಿರಿ.

ಎರಡನೆಯದು, ಮದ್ಯಸಾರದೊಳಗೆ ಆಮ್ಲಜನಕವು ಮೊದಲೇ ಸೇರಿಕೊಂಡಿದೆ. ಒಂದು ತೂಕ ಶುದ್ಧ ಪೆಟ್ರೋಲು ಉರಿಯಲು ಸುಮಾರು 14.7 ತೂಕ ಗಾಳಿ ಬೇಕು. ಒಂದು ತೂಕ ಮದ್ಯಸಾರಕ್ಕೆ 9 ತೂಕ ಸಾಕು. ಹಳೆಯ ಕಾರ್ಬುರೇಟರಿಗೆ ಇದು ತಿಳಿಯದು. ಅದು ತನ್ನ ಹಿಂದಿನ ಅಳತೆಯಲ್ಲಿಯೇ ಬಡಿಸುತ್ತದೆ. ಪರಿಣಾಮವಾಗಿ ಮಿಶ್ರಣದಲ್ಲಿ ಗಾಳಿ ಹೆಚ್ಚು, ಸಾರ ಕಡಿಮೆ ಆಗುತ್ತದೆ. ಇದನ್ನೇ ಮೆಕ್ಯಾನಿಕ್ಕುಗಳು ಲೀನ್ ಎನ್ನುವುದು. ಲೀನ್ ಆದ ಇಂಜಿನ್ನು ಮಿತಿಮೀರಿ ಕಾಯುತ್ತದೆ. ಗಾಳಿಯಿಂದಲೇ ತಣಿಯಬೇಕಾದ ಈ ಇಂಜಿನ್ನುಗಳಿಗೆ ನಮ್ಮ ಬಳ್ಳಾರಿಯ ಏಪ್ರಿಲ್, ಮೇ ತಿಂಗಳ 40 ಡಿಗ್ರಿ ದಾಟುವ ಬಿಸಿಲೂ ಸೇರಿದರೆ ಕೇಳಬೇಕೆ? ಪರಿಹಾರ ಸುಲಭ. ಮುಖ್ಯ ಜೆಟ್ಟನ್ನು ಒಂದು ನಂಬರು ದೊಡ್ಡದಾಗಿ ಹಾಕಿಸಿ, ಸೂಜಿಯನ್ನು ಒಂದು ಗೀರು ಮೇಲಕ್ಕೆ ಎತ್ತಿಸಿರಿ. ಆಮೇಲೆ ಪ್ಲಗ್ಗನ್ನು ಬಿಚ್ಚಿ ನೋಡಿರಿ. ಅದರ ತುದಿ ಬಿಸ್ಕತ್ತಿನ ಬಣ್ಣಕ್ಕೆ ಇದ್ದರೆ ಕ್ಷೇಮ. ಸುಣ್ಣದಂತೆ ಬೆಳ್ಳಗಾಗಿದ್ದರೆ ಇನ್ನೂ ಲೀನ್. ಕಪ್ಪಾಗಿ ತೇವವಾಗಿದ್ದರೆ ಸಾರ ಹೆಚ್ಚಾಯಿತು. ಮದ್ಯಸಾರದ ಕಾವು ಪೆಟ್ರೋಲಿನ ಮೂರನೆಯ ಎರಡು ಭಾಗದಷ್ಟೇ ಇರುವುದರಿಂದ ಲೀಟರಿಗೆ ಓಡುವ ದೂರವೂ ಸ್ವಲ್ಪ ತಗ್ಗುತ್ತದೆ. ಶೇಕಡಾ 10ಕ್ಕೆ ಹೊಂದಿಸಿದ ದ್ವಿಚಕ್ರ ವಾಹನಗಳಲ್ಲಿ ಈ ಇಳಿತ ಶೇಕಡಾ 3ರಿಂದ 4 ಎಂದು ನೀತಿ ಆಯೋಗದ 2021ರ ವರದಿ ಅಂದಾಜು ಮಾಡಿತ್ತು.

ಮೂರನೆಯ ಗುಣವೇ ಎಲ್ಲಕ್ಕಿಂತ ಮುಖ್ಯವಾದದ್ದು. ಇದಕ್ಕಾಗಿಯೇ ಇಂದು ಇಷ್ಟು ಪೀಠಿಕೆ ಹಾಕಿದೆ. ಮದ್ಯಸಾರಕ್ಕೆ ನೀರಿನ ಮೇಲೆ ಅತಿಯಾದ ಮೋಹ.

ಸ್ನೇಹವೆಂಬ ಸಂಸ್ಕೃತ ಶಬ್ದಕ್ಕೆ ಗೆಳೆತನವೆಂಬ ಅರ್ಥದೊಡನೆ ಎಣ್ಣೆ, ಜಿಡ್ಡು ಎಂಬ ಅರ್ಥವೂ ಉಂಟು. ಎರಡು ವಸ್ತುಗಳು ತಿಕ್ಕಾಡದಂತೆ ನಡುವೆ ನಿಲ್ಲುವುದೇ ಸ್ನೇಹ. ಜಾವಾ, ಯೆಜ್ಡಿ, ರಾಜದೂತ್ ಮೊದಲಾದ ಟೂ ಸ್ಟ್ರೋಕ್ ಗಾಡಿಗಳಲ್ಲಿ ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಈ ಸ್ನೇಹವನ್ನು ಒದಗಿಸಲು ಬೇರೆ ದಾರಿಯಿಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಟೂ-ಟಿ ಎಣ್ಣೆಯೇ ಒಳಗೆ ಹೋಗಿ ಆ ಕೆಲಸ ಮಾಡಬೇಕು. ಎಣ್ಣೆಯು ಪೆಟ್ರೋಲಿನೊಡನೆ ಚೆನ್ನಾಗಿ ಬೆರೆಯುತ್ತದೆ, ನೀರಿನೊಡನೆ ಬೆರೆಯುವುದಿಲ್ಲ. ಮದ್ಯಸಾರವಾದರೋ ಪೆಟ್ರೋಲಿನೊಡನೆಯೂ ಇರಬಲ್ಲದು, ನೀರಿನೊಡನೆಯೂ ಇರಬಲ್ಲದು. ಆದರೆ ನೀರು ಹೆಚ್ಚಾಗಿ ಕಂಡಿತೋ, ಪೆಟ್ರೋಲಿನ ಮನೆ ಬಿಟ್ಟು ನೀರಿನ ಮನೆ ಸೇರುತ್ತದೆ. ಶೇಕಡಾ 10 ಮದ್ಯಸಾರ ಬೆರೆತ 10 ಲೀಟರ್ ಪೆಟ್ರೋಲು ಸುಮಾರು 50 ಮಿಲಿಲೀಟರ್ ನೀರನ್ನು, ಎಂದರೆ ಒಂದು ಸಣ್ಣ ಲೋಟದಷ್ಟನ್ನು, ಒಳಗೆ ಅಡಗಿಸಿಕೊಳ್ಳಬಲ್ಲದು. ಇ-20 ಇನ್ನೂ ಸ್ವಲ್ಪ ಹೆಚ್ಚು ಅಡಗಿಸಿಕೊಳ್ಳುತ್ತದೆ. ಆ ಮಿತಿ ದಾಟಿದ ಕೂಡಲೇ ಟ್ಯಾಂಕಿನಲ್ಲಿ ಎರಡು ಪದರ ಆಗುತ್ತದೆ: ಮೇಲೆ ಎಣ್ಣೆ ಬೆರೆತ ಪೆಟ್ರೋಲು, ತಳದಲ್ಲಿ ನೀರು ಮತ್ತು ಮದ್ಯಸಾರ. ಈ ತಳದ ಪದರದಲ್ಲಿ ಎಣ್ಣೆ ಇಲ್ಲವೆಂದೇ ಹೇಳಬೇಕು.

ನೀರು ಟ್ಯಾಂಕಿಗೆ ಬರುವುದು ಎಲ್ಲಿಂದ? ಮುಚ್ಚಳದ ವಾಷರು ಸವೆದಿದ್ದರೆ ಮಳೆಯಿಂದ, ಗಾಡಿ ತೊಳೆಯುವ ಪೈಪಿನಿಂದ. ಅರೆ ತುಂಬಿದ ಟ್ಯಾಂಕಿನಲ್ಲಿ ಹಗಲು ಕಾದು ಇರುಳು ತಣಿಯುವ ಗಾಳಿಯ ತೇವದಿಂದ. ನಿತ್ಯ ಓಡುವ ಗಾಡಿಯಲ್ಲಿ ಪೆಟ್ರೋಲು ಖರ್ಚಾಗಿಹೋಗುವುದರಿಂದ ಭಯವಿಲ್ಲ. ಹಳೆಯ ಗಾಡಿಯ ಬಾಳು ಹಾಗಲ್ಲ. ಜಾತ್ರೆಗೊಮ್ಮೆ, ಹಬ್ಬಕ್ಕೊಮ್ಮೆ ಹೊರಬಂದು, ಉಳಿದ ತಿಂಗಳುಗಳೆಲ್ಲ ಪಡಸಾಲೆಯಲ್ಲಿ ನಿಂತಿರುತ್ತದೆ. ಹೀಗೆ ನಿಂತ ಗಾಡಿಯಲ್ಲಿಯೇ ಈ ಒಡಕು ಹುಟ್ಟುವುದು.

ಸಿರುಗುಪ್ಪದ ಕಡೆಯ ನನ್ನ ಹಳೆಯ ಶಿಷ್ಯನೊಬ್ಬನಿಗೆ ಆದದ್ದನ್ನು ಹೇಳುತ್ತೇನೆ. ಮಳೆಗಾಲವೆಲ್ಲ ನಿಂತಿದ್ದ ತಂದೆಯ ಜಾವಾವನ್ನು ದಸರೆಗೆ ಹೊರತೆಗೆದು, ಹಳೆಯ ಪೆಟ್ರೋಲಿನಲ್ಲಿಯೇ ಬಳ್ಳಾರಿಗೆ ಹೊರಟನು. ದಾರಿಯಲ್ಲಿ ಟ್ಯಾಂಕು ಬರಿದಾಗುತ್ತ ಬಂತೆಂದು ರಿಸರ್ವಿಗೆ ತಿರುಗಿಸಿದನು. "ರಿಸರ್ವಿಗೆ ಬಿದ್ದಮೇಲೆ ಒಂದೆರಡು ಕಿಲೋಮೀಟರು ತಡವರಿಸಿಕೊಂಡು ಓಡ್ತು ಸಾರ್. ಆಮೇಲೆ ಸದ್ದು ಬದಲಾತು. ಹಿಂದಿನ ಗಾಲಿ ಗಕ್ಕನೆ ಹಿಡ್ಕೊಂಡುಬಿಡ್ತು" ಎಂದು ಅವನೇ ನನಗೆ ಹೇಳಿದ್ದು. ಅವನು ಕ್ಲಚ್ಚು ಹಿಡಿದದ್ದರಿಂದ ಬೀಳದೆ ಉಳಿದನು. ಹಿಂದೆ ಬತ್ತದ ಹೊಟ್ಟು ತುಂಬಿದ ಲಾರಿ ಬರುತ್ತಿತ್ತಂತೆ. ಸಿಲಿಂಡರು ಬಿಚ್ಚಿದಾಗ ಪಿಸ್ಟನ್ನಿನ ಪಕ್ಕೆಯೆಲ್ಲ ಗೀರು ಬಿದ್ದು ಲೋಹ ಕರಗಿ ಮೆತ್ತಿಕೊಂಡಿತ್ತು. ತಂದೆ ಮೂವತ್ತು ವರ್ಷ ಜೋಪಾನ ಮಾಡಿದ ಇಂಜಿನ್ನು ಎರಡು ಕಿಲೋಮೀಟರಿನಲ್ಲಿ ಹಾಳಾಯಿತು.

ರಿಸರ್ವಿಗೆ ತಿರುಗಿಸಿದ ಮೇಲೆಯೇ ಏಕೆ ಹಾಗಾಯಿತೆಂಬುದನ್ನು ಗಮನಿಸಿರಿ. ಕಾಕು ಸಾಮಾನ್ಯ ಸ್ಥಾನದಲ್ಲಿರುವಾಗ ಟ್ಯಾಂಕಿನೊಳಗೆ ಎತ್ತರಕ್ಕೆ ನಿಂತ ಕೊಳವೆಯಿಂದ ಪೆಟ್ರೋಲು ಬರುತ್ತದೆ. ರಿಸರ್ವಿನಲ್ಲಿ ತಳದಿಂದ ಬರುತ್ತದೆ. ಎಣ್ಣೆಯಿಲ್ಲದ ಪದರ ಕುಳಿತಿರುವುದು ತಳದಲ್ಲಿಯೇ. ಅದರಲ್ಲಿ ನೀರು ಹೆಚ್ಚಾಗಿದ್ದರೆ ಇಂಜಿನ್ನು ಕೆಮ್ಮಿ ನಿಂತುಬಿಡುತ್ತದೆ, ಅದು ಪುಣ್ಯವೆಂದೇ ತಿಳಿಯಬೇಕು. ಮದ್ಯಸಾರ ಹೆಚ್ಚಾಗಿದ್ದರೆ ಹೇಗೋ ಉರಿದುಕೊಂಡು ಓಡುತ್ತದೆ, ಆದರೆ ಪಿಸ್ಟನ್ನು ಒಣಗಿ ತಿಕ್ಕುತ್ತಿರುತ್ತದೆ.

ಹಾಗಾದರೆ ಮಾಡಬೇಕಾದುದೇನು? ಕೆಲವೇ ನಿಯಮಗಳನ್ನು ಹೇಳುತ್ತೇನೆ. ಮನೆಯ ಮಕ್ಕಳಿಂದ ಒಂದು ಹಾಳೆಯಲ್ಲಿ ಬರೆಸಿ ಗಾಡಿ ನಿಲ್ಲಿಸುವ ಗೋಡೆಗೆ ಅಂಟಿಸಿಕೊಂಡರೂ ಸರಿಯೆ.

ಗಾಡಿ ಮೂರು ನಾಲ್ಕು ವಾರಕ್ಕಿಂತ ಹೆಚ್ಚು ನಿಲ್ಲುವುದಾದರೆ ಟ್ಯಾಂಕಿನ ಪೆಟ್ರೋಲನ್ನು ಇಳಿಸಿ, ನಿತ್ಯ ಓಡುವ ಬೇರೆ ಗಾಡಿಗೆ ಸ್ವಲ್ಪ ಸ್ವಲ್ಪವಾಗಿ ಬೆರೆಸಿ ಮುಗಿಸಿರಿ. ಕಾಕು ಮುಚ್ಚಿ ಇಂಜಿನ್ನನ್ನು ಓಡಿಸಿ, ತಾನಾಗಿ ನಿಲ್ಲುವವರೆಗೆ ಬಿಟ್ಟರೆ ಕಾರ್ಬುರೇಟರು ಬರಿದಾಗುತ್ತದೆ. ತೇವದ ಪೆಟ್ರೋಲು ಅದರ ಸತುವಿನ ಮೈಯನ್ನು ತಿಂದು ಬಿಳಿಯ ಪುಡಿ ಹಿಡಿಸುವುದು ಇದರಿಂದ ತಪ್ಪುತ್ತದೆ. ಬರಿದಾದ ಟ್ಯಾಂಕು ತುಕ್ಕು ಹಿಡಿಯದಂತೆ ಒಳಗೆ ಒಂದಿಷ್ಟು ಟೂ-ಟಿ ಎಣ್ಣೆ ಸುರಿದು ಅಲುಗಿಸಿ ಬಿಡಿರಿ.

ಬಹುದಿನ ನಿಂತ ಗಾಡಿಯನ್ನು ತೆಗೆಯುವ ಮುನ್ನ, ಅಲುಗಿಸದೆ, ರಿಸರ್ವಿನಿಂದ ಒಂದು ಗಾಜಿನ ಸೀಸೆಗೆ ಸ್ವಲ್ಪ ಪೆಟ್ರೋಲು ಹಿಡಿದು ಹತ್ತು ನಿಮಿಷ ಇಟ್ಟು ನೋಡಿರಿ. ಟೂ-ಟಿ ಎಣ್ಣೆಗೆ ಬಣ್ಣ ಹಾಕಿರುತ್ತಾರೆ. ಸೀಸೆಯ ತುಂಬ ಒಂದೇ ಬಣ್ಣವಿದ್ದರೆ ಹೊರಡಿರಿ. ಬಣ್ಣದ ಕೆಳಗೆ ತಿಳಿಯಾದ ಪದರವೊಂದು ನಿಂತಿದ್ದರೆ, ಅಥವಾ ಬಣ್ಣವೇ ಇಲ್ಲದ ದ್ರವ ಬಂದರೆ, ಟ್ಯಾಂಕನ್ನು ಪೂರ್ತಿ ಬರಿದು ಮಾಡದೆ ಕಿಕ್ಕರನ್ನು ಮುಟ್ಟಬೇಡಿ. ಬಳ್ಳಾರಿಯಿಂದ ಕುರುಗೋಡಿನ ತೇರಿಗೆ ಹೊರಟರೂ ಸರಿ, ಸಿರುಗುಪ್ಪದಿಂದ ಬಳ್ಳಾರಿಗೆ ಹೊರಟರೂ ಸರಿ, ಈ ಹತ್ತು ನಿಮಿಷವನ್ನು ಉಳಿಸಬೇಡಿ.

ಎಣ್ಣೆಯ ಅಳತೆಯನ್ನು ಕಣ್ಣಂದಾಜಿಗೆ ಬಿಡಬಾರದು. ಹಳೆಯ ಜಾವಾದವರು ಬಹಳವಾಗಿ ಬಳಸುವುದು 25ಕ್ಕೆ 1ರ ಪ್ರಮಾಣ, ಎಂದರೆ ಲೀಟರಿಗೆ 40 ಮಿಲಿಲೀಟರ್. 5 ಲೀಟರಿಗೆ 200. ಇಂಜಿನ್ನು ಹೊಸದಾಗಿ ಬೋರು ಮಾಡಿಸಿದ್ದಾದರೆ ಮೊದಮೊದಲು 20ಕ್ಕೆ 1. ನಿಮ್ಮ ಗಾಡಿಯ ಕೈಪಿಡಿ ಬೇರೆ ಹೇಳಿದರೆ ಅದೇ ಪ್ರಮಾಣ. ಹಿಂದೆ ಬಂಕುಗಳಲ್ಲಿ ಇರುತ್ತಿದ್ದ ಟೂ-ಟಿ ಪಂಪು ಈಗ ಹೆಚ್ಚಾಗಿ ಕಾಣಸಿಗದು. ಡಬ್ಬಿಯ ಮೇಲೆ ಎಫ್‌ಸಿ ಅಥವಾ ಎಫ್‌ಡಿ ದರ್ಜೆಯ ಗುರುತಿರುವ ಎಣ್ಣೆಯನ್ನೂ, ಅಳತೆಯ ಲೋಟವನ್ನೂ ಜೊತೆಗೆ ಒಯ್ಯಿರಿ. ಮೊದಲು ಎಣ್ಣೆ, ಅದರ ಮೇಲೆ ಪೆಟ್ರೋಲು ಬಿದ್ದರೆ ಚೆನ್ನಾಗಿ ಬೆರೆಯುತ್ತದೆ. ಎಣ್ಣೆ ಹೆಚ್ಚಾದಷ್ಟೂ ಕ್ಷೇಮವೆಂಬ ಮಾತು ತಪ್ಪು. ಎಣ್ಣೆ ಹೆಚ್ಚಿದಷ್ಟೂ ಅದೇ ಜೆಟ್ಟಿನಲ್ಲಿ ಇಳಿಯುವ ಪೆಟ್ರೋಲು ಕಡಿಮೆಯಾಗಿ ಮಿಶ್ರಣ ಮತ್ತೂ ಲೀನ್ ಆಗುತ್ತದೆ. ಪ್ಲಗ್ಗಿಗೂ ಸೈಲೆನ್ಸರಿಗೂ ಮಸಿ ಕಟ್ಟುತ್ತದೆ.

ಅಗ್ಗವೆಂದು ಸೀಮೆಎಣ್ಣೆ ಬೆರೆಸುವ ಹಳೆಯ ಚಟ ಕೆಲವರಲ್ಲಿ ಉಂಟು. ಸೀಮೆಎಣ್ಣೆಯ ಆಕ್ಟೇನು ಬಹಳ ಕಡಿಮೆ. ಇಂಜಿನ್ನು ಕಟಕಟ ಬಡಿಯತೊಡಗುತ್ತದೆ. ಇನ್ನು ಕೆಲವರು ಪೆಟ್ರೋಲಿಗೆ ನೀರು ಹಾಕಿ ಕುಲುಕಿ, ಮದ್ಯಸಾರವನ್ನು ನೀರಿಗೆ ಇಳಿಸಿ, ಮೇಲಿನದನ್ನು ಬಳಸುವ ಪ್ರಯೋಗಕ್ಕೆ ಕೈಹಾಕುತ್ತಾರೆ. ಇದರಿಂದ ಆಕ್ಟೇನೂ ಇಳಿಯುವುದು, ನೀರಿನ ಶೇಷವೂ ಉಳಿಯುವುದು. ಮನೆಯಂಗಳದಲ್ಲಿ ತೆರೆದ ಪೆಟ್ರೋಲನ್ನು ಕುಲುಕುವುದು ಪ್ರಾಣಾಪಾಯದ ಕೆಲಸ. ಇವೆರಡನ್ನೂ ಮಾಡಕೂಡದು. ತಾಯಂದಿರಿಗೂ ಒಂದು ಮಾತು: ಇಳಿಸಿದ ಪೆಟ್ರೋಲನ್ನು ನೀರಿನ ಬಾಟಲಿಗಳಲ್ಲಿ ತುಂಬಿ ಅಡಿಗೆಮನೆಯ ಪಕ್ಕದಲ್ಲಿ ಇಡಲು ಗಂಡಸರಿಗೆ ಅವಕಾಶ ಕೊಡಬೇಡಿ.

ಬುಲೆಟ್ ಮೊದಲಾದ ಫೋರ್ ಸ್ಟ್ರೋಕ್ ಗಾಡಿಯವರಿಗೆ ಹೇಳಬೇಕಾದುದು ಸ್ವಲ್ಪವೇ. ಅವುಗಳಲ್ಲಿ ಎಣ್ಣೆಯ ದಾರಿ ಬೇರೆ, ಪೆಟ್ರೋಲಿನ ದಾರಿ ಬೇರೆ. ಪೆಟ್ರೋಲಿಗೆ ಎಣ್ಣೆ ಬೆರೆಸಬೇಕಾಗಿಲ್ಲ, ಪದರವಾದರೂ ಪಿಸ್ಟನ್ನು ಒಣಗುವುದಿಲ್ಲ. ರಬ್ಬರು, ಜೆಟ್ಟು, ತೇವ, ಈ ಮೂರನ್ನು ನೋಡಿಕೊಂಡರೆ ಸಾಕು. ಸೀಸ ಬೆರೆತ ಪೆಟ್ರೋಲಿನ ಕಾಲದ ಕೆಲವು ಇಂಜಿನ್ನುಗಳಲ್ಲಿ ವಾಲ್ವಿನ ಪೀಠ ಸವೆಯುವುದುಂಟು. ವಾಲ್ವಿನ ಸಂದನ್ನು ಆಗಾಗ ಅಳೆಸುತ್ತಿದ್ದರೆ ಅದು ತಾನಾಗಿ ತಿಳಿಯುತ್ತದೆ.

ಓದುಗರೇ, ಹಳೆಯ ಮೋಟಾರು ಸೈಕಲ್ಲಿಗೆ ತಕ್ಕ ಇಂಧನವೆಂದರೆ ದುಬಾರಿಯಾದ ಇಂಧನವಲ್ಲ. ಮದ್ಯಸಾರ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಸಿಗದಿದ್ದರೆ, ತಾಜಾ ಆಗಿರುವ, ನೀರು ಸೋಕದ, ಎಣ್ಣೆ ಸರಿಯಾಗಿ ಬೆರೆತ ಪೆಟ್ರೋಲು ಯಾವ ಬಂಕಿನದಾದರೂ ಸರಿ. ತಿಂಗಳಿಗೆ ಬೇಕಾದಷ್ಟೇ ತುಂಬಿಸಿರಿ, ಅಷ್ಟನ್ನೂ ಓಡಿಸಿ ಮುಗಿಸಿರಿ. ಅಟ್ಟದ ಮೇಲಿನ ಧಾನ್ಯ ವರ್ಷ ಕಳೆದರೂ ಉಳಿದೀತು, ಟ್ಯಾಂಕಿನ ಪೆಟ್ರೋಲು ಉಳಿಯದು. ನಿಂತ ಗಾಡಿಯನ್ನು ತೆಗೆಯುವ ದಿನ ಗಾಜಿನ ಸೀಸೆಯನ್ನು ಮರೆಯಬೇಡಿ. ನಿಮ್ಮ ಮನೆಯ ಹಿರಿಯರು ಬಿಟ್ಟುಹೋದ ಗಾಡಿ ನಿಮ್ಮ ಮಕ್ಕಳನ್ನೂ ಕ್ಷೇಮವಾಗಿ ಹೊತ್ತು ತಿರುಗಲಿ.